ಇಬ್ಬರೇ ಕ್ಯಾಂಪರ್‌ವ್ಯಾನ್ ತಗೊಂಡು ಡೆನ್ಮಾರ್ಕ್, ಸ್ವೀಡನ್, ನಾರ್ವೆ ಸುತ್ತೋದು ಹೇಗೆ

ನಾವು ಗಂಡ ಹೆಂಡ್ತಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಇರೋದು, ಊರು ಶಿವಮೊಗ್ಗ ಕಡೆ. ಒಳಗೇ ಹಾಸಿಗೆ, ಒಲೆ, ಟಾಯ್ಲೆಟ್ ಇರೋ ಬಾಡಿಗೆ ವ್ಯಾನ್ ತಗೊಂಡು 22 ದಿನ ಸ್ಕ್ಯಾಂಡಿನೇವಿಯ ಸುತ್ತಿ ಬಂದಾಗಿಂದ ಎಲ್ರೂ ಕೇಳೋದು ಅದೇ ನಾಲ್ಕು ಪ್ರಶ್ನೆ. ರಾತ್ರಿ ಎಲ್ಲಿ ನಿಲ್ಲಿಸ್ತಿದ್ರಿ, ಟಾಯ್ಲೆಟ್‌ಗೆ ಏನ್ ಮಾಡಿದ್ರಿ, ಅನ್ನ ಸಾರು ಮಾಡ್ಕೊಳ್ಳೋಕಾಗುತ್ತಾ, ಬೆಂಗಳೂರಿಂದ ಬಂದು ಗಾಡಿ ಓಡಿಸ್ಬಹುದಾ. ಒಬ್ಬೊಬ್ರಿಗೆ ಫೋನ್‌ನಲ್ಲಿ ಹೇಳೋ ಬದ್ಲು ಎಲ್ಲಾ ಒಂದೇ ಕಡೆ ಬರೀತಿದೀನಿ. ಓದೋಕೆ ಮುಂಚೆ ಒಂದು ಮಾತು ತಲೇಲಿ ಇಟ್ಕೊಳಿ: ಈ ಟ್ರಿಪ್‌ನಲ್ಲಿ ಎಷ್ಟು ದೂರ ಓಡಿಸ್ತೀವಿ ಅನ್ನೋದಕ್ಕಿಂತ ಎಲ್ಲಿ ನಿಲ್ಲಿಸ್ತೀವಿ ಅನ್ನೋದೇ ಮುಖ್ಯ, ಪ್ಲಾನ್ ಮಾಡಬೇಕಾಗಿರೋದು ಅದನ್ನೇ.

1. ಯಾವಾಗ ಹೋಗ್ಬೇಕು, ಎಷ್ಟು ದಿನ ಬೇಕು

ಮೇ ಕೊನೆಯಿಂದ ಸೆಪ್ಟೆಂಬರ್ ಮಧ್ಯದವರೆಗೆ ಸರಿಯಾದ ಕಾಲ. ನಾರ್ವೆಯ ಎತ್ತರದ ರಸ್ತೆಗಳು ಚಳಿಗಾಲದಲ್ಲಿ ಹಿಮಕ್ಕೆ ಮುಚ್ಚಿರ್ತಾವೆ, ಕೆಲವು ಜೂನ್ ಬರೋವರೆಗೂ ತೆಗೆಯಲ್ಲ, ಏಪ್ರಿಲ್‌ನಲ್ಲಿ ಟಿಕೆಟ್ ಅಗ್ಗ ಇದೆ ಅಂತ ಹೊರಟ್ರೆ ಅರ್ಧ ನಾರ್ವೆ ನಿಮಗೆ ಸಿಗೋದೇ ಇಲ್ಲ. ಜುಲೈ ಪೂರ್ತಿ ಸ್ವೀಡನ್, ನಾರ್ವೆ ಜನಕ್ಕೇ ರಜಾ, ಸಮುದ್ರದ ದಡದ ಜಾಗಗಳೆಲ್ಲ ತುಂಬಿ ತುಳುಕ್ತಿರ್ತಾವೆ. ಸ್ವೀಡನ್‌ನಲ್ಲಿ ಮಿಡ್‌ಸೊಮ್ಮರ್ ಹಬ್ಬ ಜೂನ್ 19ರಿಂದ 25ರ ನಡುವೆ ಬರೋ ಶುಕ್ರವಾರ ಇರುತ್ತೆ, ಆ ದಿನ ಅಂಗಡಿ ಬೇಗ ಮುಚ್ತಾರೆ ಇಲ್ಲಾ ತೆಗೆಯೋದೇ ಇಲ್ಲ, ಹಿಂದಿನ ದಿನಾನೇ ಸಾಮಾನು ತಂದಿಟ್ಕೊಳಿ. ನನ್ನ ಕೇಳಿದ್ರೆ ಜೂನ್ ಮೊದಲ ಮೂರು ವಾರ ಇಲ್ಲಾ ಆಗಸ್ಟ್ ಕೊನೆ ಒಳ್ಳೇದು. ಜೂನ್‌ನಲ್ಲಿ ರಾತ್ರಿ ಹನ್ನೊಂದಕ್ಕೂ ಬೆಳಕಿರುತ್ತೆ, ಮಲಗೋಕೆ ಕಿಟಕಿಗೆ ಕತ್ತಲೆ ಪರದೆ ಇರೋ ವ್ಯಾನೇ ಬೇಕು, ಬುಕ್ ಮಾಡೋವಾಗ್ಲೇ ಕೇಳಿ.

ಮೂರು ದೇಶ ಅಂದ್ರೆ ಮೂರು ವಾರ. ಎರಡೇ ವಾರ ಇದ್ರೆ ಒಂದು ದೇಶ ಬಿಡಿ, ದಯವಿಟ್ಟು ಎಲ್ಲಾನೂ ತುರುಕಬೇಡಿ.

2. ಕಾಗದ ಪತ್ರ

ಇಂಡಿಯಾದಿಂದ ಬರೋರಿಗೆ ಶೆಂಗೆನ್ ವೀಸಾ ಬೇಕು, ಅಂದ್ರೆ ಯುರೋಪಿನ ಹಲವು ದೇಶಕ್ಕೆ ಸೇರಿ ಒಂದೇ ವೀಸಾ. ಡೆನ್ಮಾರ್ಕ್, ಸ್ವೀಡನ್, ನಾರ್ವೆ ಮೂರೂ ಶೆಂಗೆನ್‌ನಲ್ಲಿದಾವೆ, ನಾರ್ವೆ ಯುರೋಪಿಯನ್ ಯೂನಿಯನ್‌ನಲ್ಲಿ ಇಲ್ಲ ಅಷ್ಟೇ, ವೀಸಾಗೆ ಅದು ಲೆಕ್ಕಕ್ಕೆ ಬರಲ್ಲ ಆದ್ರೆ ಕಸ್ಟಮ್ಸ್‌ಗೆ ಬರುತ್ತೆ, ಅದನ್ನ ಮುಂದೆ ಹೇಳ್ತೀನಿ. ವೀಸಾ ಫೀ 90 ಯೂರೋ. ಕನಿಷ್ಠ 30,000 ಯೂರೋ ಕವರ್ ಇರೋ ಟ್ರಾವೆಲ್ ಇನ್ಶೂರೆನ್ಸ್ ಕಡ್ಡಾಯ. ಹೊರಡೋ ದಿನಕ್ಕೆ ಆರು ತಿಂಗಳು ಇರೋವಾಗ್ಲಿಂದ ಅರ್ಜಿ ಹಾಕ್ಬಹುದು, ಬೇಸಿಗೇಲಿ ಅಪಾಯಿಂಟ್‌ಮೆಂಟ್ ಸಿಗೋದು ಕಷ್ಟ, ಆದಷ್ಟು ಬೇಗ ಹಾಕಿ.

ಇಲ್ಲಿ ತುಂಬ ಜನ ಮಾಡೋ ತಪ್ಪು ಅಂದ್ರೆ ಫ್ಲೈಟ್ ಎಲ್ಲಿ ಇಳಿಯುತ್ತೋ ಆ ದೇಶಕ್ಕೆ ಅರ್ಜಿ ಹಾಕೋದು. ಹಾಗಲ್ಲ, ಯಾವ ದೇಶದಲ್ಲಿ ಹೆಚ್ಚು ರಾತ್ರಿ ಕಳೀತೀರೋ ಆ ದೇಶಕ್ಕೆ ಹಾಕ್ಬೇಕು, ರಾತ್ರಿಗಳು ಸಮ ಸಮ ಆದ್ರೆ ಮಾತ್ರ ಮೊದ್ಲು ಕಾಲಿಡೋ ದೇಶ. ಹ್ಯಾಂಬರ್ಗ್‌ಗೆ ಬಂದಿಳಿದು ನಾರ್ವೆಯಲ್ಲಿ ಹನ್ನೊಂದು ರಾತ್ರಿ ಇರೋರು ನಾರ್ವೆಗೆ ಅರ್ಜಿ ಹಾಕ್ಬೇಕು. ಹೋಟೆಲ್ ಬುಕಿಂಗ್ ಇರಲ್ವಲ್ಲ, ಅದಕ್ಕೆ ವ್ಯಾನ್ ಬಾಡಿಗೆ ಪತ್ರ, ನಾಲ್ಕೈದು ಕ್ಯಾಂಪಿಂಗ್ (ದುಡ್ಡು ಕೊಟ್ಟು ರಾತ್ರಿ ವ್ಯಾನ್ ನಿಲ್ಲಿಸೋ ಜಾಗ) ಬುಕಿಂಗ್, ದಿನದ ಪ್ರಕಾರ ಎಲ್ಲಿರ್ತೀವಿ ಅನ್ನೋ ಪಟ್ಟಿ, ಮೂರೂ ಸೇರಿಸಿ ಇಡಿ.

ಲೈಸೆನ್ಸ್ ವಿಷಯ. ನಮ್ಮ ಆರ್‌ಟಿಓದಲ್ಲಿ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಅಂತ ಕೊಡ್ತಾರೆ, ಒಂದು ವರ್ಷ ನಡೆಯುತ್ತೆ. ಅದರ ಜೊತೆ ಒರಿಜಿನಲ್ ಲೈಸೆನ್ಸ್ ಕೂಡ ಕೈಯಲ್ಲಿ ಇರ್ಬೇಕು, ಒಂದಿದ್ದು ಇನ್ನೊಂದಿಲ್ಲ ಅಂದ್ರೆ ವ್ಯಾನ್ ಕೊಡಲ್ಲ. ಇಬ್ರೂ ಮಾಡಿಸ್ಕೊಳಿ, ಒಬ್ರೇ ಮೂರು ವಾರ ಓಡಿಸೋದು ಸುಸ್ತು. ಜರ್ಮನೀಲಿ ನಮ್ ತರ ಆರು ತಿಂಗಳಿಗಿಂತ ಜಾಸ್ತಿ ವಾಸ ಇರೋರಿಗೆ ಇಂಡಿಯನ್ ಲೈಸೆನ್ಸ್ ನಡೆಯಲ್ಲ, ಇಲ್ಲಿಯದೇ ಬೇಕು.

ಮುಖ್ಯ ಡ್ರೈವರ್ ಹೆಸರಲ್ಲೇ ಕ್ರೆಡಿಟ್ ಕಾರ್ಡ್ ಇರ್ಲಿ, ವ್ಯಾನ್ ತಗೊಳ್ಳೋವಾಗ ದೊಡ್ಡ ಡೆಪಾಸಿಟ್ ಅದ್ರಲ್ಲಿ ಬ್ಲಾಕ್ ಮಾಡ್ತಾರೆ. ಕಾರ್ಡಿನ ಪಿನ್ ನಂಬರ್ ಬಾಯಲ್ಲೇ ಇರ್ಬೇಕು, ಎಷ್ಟೋ ಪೆಟ್ರೋಲ್ ಬಂಕ್‌ಗಳಲ್ಲಿ ಮನುಷ್ಯರೇ ಇರಲ್ಲ, ಮಷೀನು ಪಿನ್ ಕೇಳುತ್ತೆ.

3. ವ್ಯಾನ್ ಆರಿಸೋದು

ಇಬ್ಬರಿಗೆ ಆರು ಮೀಟರ್ ಒಳಗಿನ ವ್ಯಾನ್ ಸಾಕು. ಈ ಆರು ಮೀಟರ್ ಸುಮ್ನೆ ಹೇಳ್ತಿಲ್ಲ. ಡೆನ್ಮಾರ್ಕ್‌ನ ಸ್ಟೋರೆಬೆಲ್ಟ್ ಸೇತುವೆ, ಡೆನ್ಮಾರ್ಕ್‌ನಿಂದ ಸ್ವೀಡನ್‌ಗೆ ಹೋಗೋ ಓರೆಸುಂಡ್ ಸೇತುವೆ, ಎರಡರಲ್ಲೂ ಆರು ಮೀಟರ್ ದಾಟಿದ ಗಾಡಿಗೆ ದುಡ್ಡು ಜಾಸ್ತಿ. ಫೆರಿ ಅಂದ್ರೆ ಗಾಡಿ ಸಮೇತ ಹತ್ತೋ ಹಡಗು, ಅದ್ರಲ್ಲೂ ಉದ್ದದ ಮೇಲೇ ರೇಟು. 5.99 ಮೀಟರ್ ಅಂತ ಬರೆದಿರೋ ಫಿಯಟ್ ಡುಕಾಟೊ ತರದ ವ್ಯಾನ್‌ಗಳು ಬಹಳ ಸಿಗ್ತಾವೆ, ಅದಕ್ಕೆ ಹಿಂದ್ಗಡೆ ಸೈಕಲ್ ಸ್ಟ್ಯಾಂಡ್ ಹಾಕಿಸಿದ್ರೆ ಉದ್ದ ಅಲ್ಲಿಗೇ ಆರು ದಾಟುತ್ತೆ, ಸೈಕಲ್ ಆಸೆ ಇರೋರು ಮೊದ್ಲೇ ಲೆಕ್ಕ ಹಾಕಿ.

ಒಟ್ಟು ತೂಕ 3,500 ಕಿಲೋ ಒಳಗಿರ್ಬೇಕು, ಸಾಮಾನ್ಯ ಕಾರ್ ಲೈಸೆನ್ಸ್‌ಗೆ ಅಲ್ಲಿ ಅಷ್ಟೇ ಮಿತಿ. ಇದು ಖಾಲಿ ಗಾಡಿ ತೂಕ ಅಲ್ಲ, ನೀವು, ನೀರು, ಅಕ್ಕಿ, ಬಟ್ಟೆ ಎಲ್ಲಾ ಸೇರಿ. ನೂರು ಲೀಟರ್ ನೀರು ಅಂದ್ರೆ ನೂರು ಕಿಲೋ.

ಬುಕ್ ಮಾಡೋವಾಗ ಮೂರು ಕೇಳಿ: ನಾರ್ವೆಗೆ ತಗೊಂಡು ಹೋಗೋಕೆ ಅನುಮತಿ ಇದ್ಯಾ, ಕಿಲೋಮೀಟರ್‌ಗೆ ಮಿತಿ ಇದ್ಯಾ, ಟೋಲ್ ಬಿಲ್ ಬಂದ್ರೆ ಅದರ ಮೇಲೆ ಸರ್ವಿಸ್ ಚಾರ್ಜ್ ಎಷ್ಟು. ಮೂರನೇದು ಯಾರೂ ಕೇಳಲ್ಲ. ನಾವೂ ಕೇಳಿರ್ಲಿಲ್ಲ, ವಾಪಸ್ ಬಂದು ಎರಡು ತಿಂಗಳಾದ್ಮೇಲೆ ಚಿಕ್ಕ ಚಿಕ್ಕ ಟೋಲ್‌ಗೆಲ್ಲ ಒಂದೊಂದಕ್ಕೂ ಬೇರೆ ಬೇರೆ ಚಾರ್ಜ್ ಸೇರಿಸಿ ಬಿಲ್ ಕಳಿಸಿದ್ರು, ಟೋಲ್‌ಗಿಂತ ಆ ಚಾರ್ಜೇ ಜಾಸ್ತಿ ಆಗಿತ್ತು.

4. ಗಾಡಿ ಕೈಗೆ ಬಂದ ದಿನ ಕಲೀಬೇಕಾದ್ದು

ಕೀಲಿ ಕೊಟ್ಟು ಹತ್ತು ನಿಮಿಷದಲ್ಲಿ ತೋರಿಸಿ ಕಳಿಸ್ತಾರೆ. ಬಿಡಬೇಡಿ, ಒಂದು ಗಂಟೆ ತಗೊಳಿ, ಒಬ್ರು ವಿಡಿಯೋ ಮಾಡಿ, ಇನ್ನೊಬ್ರು ಕೈಯಾರೆ ಮಾಡಿ ನೋಡಿ. ಕಲಿಯೋದು ನಾಲ್ಕು: ನೀರು, ಕರೆಂಟು, ಗ್ಯಾಸು, ಟಾಯ್ಲೆಟ್.

ನೀರು ಎರಡು ಟ್ಯಾಂಕ್. ಒಂದು ಒಳ್ಳೆ ನೀರು, ಇನ್ನೊಂದು ಸಿಂಕ್‌ನಿಂದ ಹೋಗೋ ಕೊಳಕು ನೀರು. ಕೊಳಕು ನೀರನ್ನ ರಸ್ತೆ ಬದಿಗೆ, ಹಳ್ಳಕ್ಕೆ ಬಿಡೋ ಹಾಗಿಲ್ಲ, ಅದಕ್ಕೆ ಅಂತಾನೇ ಇರೋ ಜಾಗದಲ್ಲಿ ಬಿಡ್ಬೇಕು. ಒಳ್ಳೆ ನೀರಿಗೆ ನಿಮ್ದೇ ಪೈಪ್ ಇಟ್ಕೊಳಿ, ಟಾಯ್ಲೆಟ್ ತೊಳೆಯೋ ಕಡೆ ಇರೋ ಪೈಪ್‌ನಿಂದ ಯಾವತ್ತೂ ಕುಡಿಯೋ ನೀರು ತುಂಬಿಸ್ಬೇಡಿ.

ಕರೆಂಟ್ ಕೂಡ ಎರಡು ತರ. ಮಲಗೋ ಭಾಗದ ಲೈಟು, ಪಂಪು, ಫೋನ್ ಚಾರ್ಜ್ ಇವೆಲ್ಲ ಒಂದು ಬೇರೆ 12 ವೋಲ್ಟ್ ಬ್ಯಾಟರಿಯಿಂದ ನಡೆಯುತ್ತೆ, ಗಾಡಿ ಓಡಿದ್ರೆ ಅದು ಚಾರ್ಜ್ ಆಗುತ್ತೆ. ಕ್ಯಾಂಪಿಂಗ್‌ನಲ್ಲಿ ನೀಲಿ ದುಂಡನೆ ಪ್ಲಗ್ ಹಾಕಿದ್ರೆ ಮಾತ್ರ 230 ವೋಲ್ಟ್ ಸಾಕೆಟ್ ಕೆಲ್ಸ ಮಾಡುತ್ತೆ. ಊರಿಂದ ಮಿಕ್ಸಿ ತರೋರು ಇದನ್ನ ನೆನಪಿಟ್ಕೊಳಿ.

ಗ್ಯಾಸ್ ಒಲೆಗೂ ಹೀಟರ್‌ಗೂ, ಕೆಲವು ವ್ಯಾನ್‌ಗಳಲ್ಲಿ ಫ್ರಿಜ್ಜಿಗೂ. ಪ್ರೊಪೇನ್ ಸಿಲಿಂಡರ್ ಕೇಳಿ, ಬ್ಯೂಟೇನ್ ಸೊನ್ನೆ ಡಿಗ್ರಿ ಹತ್ರ ಬಂದ್ರೆ ಆವಿ ಆಗೋದೇ ನಿಂತೋಗುತ್ತೆ, ಬೆಟ್ಟದ ಮೇಲೆ ರಾತ್ರಿ ಹೀಟರ್ ಆಫ್ ಆದ್ರೆ ಕಷ್ಟ. ಜರ್ಮನಿಯ ಸಿಲಿಂಡರ್ ಕೊಟ್ಟು ನಾರ್ವೆಯಲ್ಲಿ ತುಂಬಿದ್ದು ತಗೋತೀವಿ ಅಂದ್ಕೊಂಡ್ರೆ ಆಗಲ್ಲ, ದೇಶಕ್ಕೊಂದು ತರ ಸಿಲಿಂಡರ್. 11 ಕಿಲೋದ ಎರಡು ತುಂಬಿದ ಸಿಲಿಂಡರ್ ಇದ್ರೆ ಬೇಸಿಗೇಲಿ ಇಬ್ಬರಿಗೆ ಮೂರು ವಾರಕ್ಕೆ ಬೇಕಾದಷ್ಟಾಯ್ತು. ಹೊರಡೋವಾಗ ಸಿಲಿಂಡರ್ ಎತ್ತಿ ತೂಕ ನೋಡಿ. ಫೆರಿ ಹತ್ತೋ ಮುಂಚೆ ಸಿಲಿಂಡರ್ ವಾಲ್ವ್ ಮುಚ್ಚೋದನ್ನ ಮರೀಬೇಡಿ.

ಇನ್ನ ಟಾಯ್ಲೆಟ್. ಎಲ್ರೂ ಮೆಲ್ಲಗೆ ಕೇಳೋ ಪ್ರಶ್ನೆ ಇದು, ಹಾಗಾಗಿ ಪೂರ್ತಿ ಹೇಳ್ಬಿಡ್ತೀನಿ. ಸೀಟಿನ ಕೆಳಗೆ ಕ್ಯಾಸೆಟ್ ಅಂತ ಒಂದು ಪ್ಲಾಸ್ಟಿಕ್ ಡಬ್ಬ ಇರುತ್ತೆ, ಇಪ್ಪತ್ತು ಲೀಟರ್ ಹತ್ತಿರ ಹಿಡಿಯುತ್ತೆ, ಇಬ್ರೇ ಆದ್ರೆ ಎರಡು ಮೂರು ದಿನಕ್ಕೆ ತುಂಬುತ್ತೆ. ಗಾಡಿ ಹೊರಗಡೆ ಒಂದು ಚಿಕ್ಕ ಬಾಗಿಲು ತೆಗೆದು ಕ್ಯಾಸೆಟ್ ಎಳೀಬೇಕು, ಸೂಟ್‌ಕೇಸ್ ತರ ಹಿಡಿ, ಚಕ್ರ ಇರುತ್ತೆ, ದಬ್ಕೊಂಡು ಹೋಗ್ಬಹುದು. ಖಾಲಿ ಮಾಡೋ ಜಾಗದಲ್ಲಿ ಅದರ ಮೂತಿ ತಿರುಗಿಸಿ, ಮುಚ್ಚಳ ತೆಗೆದು, ನಿಧಾನಕ್ಕೆ ಬಗ್ಗಿಸಿ. ಬಗ್ಗಿಸೋವಾಗ ಹಿಂದ್ಗಡೆ ಇರೋ ಗಾಳಿ ಬಟನ್ ಹೆಬ್ಬೆರಳಲ್ಲಿ ಒತ್ತಿ ಹಿಡ್ಕೊಂಡೇ ಇರಿ, ಅದು ಒತ್ತದೆ ಇದ್ರೆ ಗುಡು ಗುಡು ಅಂತ ಎರಚುತ್ತೆ. ಎರಡು ಸಲ ನೀರು ಹಾಕಿ ಅಲ್ಲಾಡಿಸಿ ತೊಳೆದು, ಎರಡು ಲೀಟರ್ ನೀರಿಗೆ ಬಾಟಲಿ ಮೇಲೆ ಬರೆದಷ್ಟು ಕೆಮಿಕಲ್ ಹಾಕಿ ವಾಪಸ್ ಕೂರಿಸಿ, ಐದು ನಿಮಿಷದ ಕೆಲಸ. ಈ ಜಾಗಕ್ಕೆ ಸ್ವೀಡನ್‌ನಲ್ಲಿ ಲಾಟ್ರಿನ್, ನಾರ್ವೆಯಲ್ಲಿ ತೊಮ್ಮೆಸ್ತಾಶೋನ್ ಅಂತಾರೆ, ಬೋರ್ಡ್ ಮೇಲೆ ವ್ಯಾನ್ ಕೆಳಗೆ ಬಾಣ ಇರೋ ಚಿತ್ರ ಇರುತ್ತೆ. ದಯವಿಟ್ಟು ಕಾಡಲ್ಲಿ ಸುರೀಬೇಡಿ. ಅಲ್ಲಿಯ ಜನ ಹಳ್ಳದ ನೀರನ್ನ ಬೊಗಸೇಲಿ ಎತ್ತಿ ಕುಡೀತಾರೆ.

ನಾವು ಕೆಲ್ಸ ಹಂಚ್ಕೊಂಡಿದ್ವಿ, ಕ್ಯಾಸೆಟ್ಟು ಗ್ಯಾಸು ನಮ್ಮನೆಯವ್ರದ್ದು, ನೀರು ಕರೆಂಟು ಅಡುಗೆ ನಂದು, ನಾಲ್ಕು ದಿನಕ್ಕೊಮ್ಮೆ ಅದಲು ಬದಲು. ಆರು ಮೀಟರ್ ಜಾಗದಲ್ಲಿ ಮೂರು ವಾರ ಇರೋವಾಗ ಇದು ಯಾರ ಕೆಲ್ಸ ಅನ್ನೋ ಮಾತು ಬರದೆ ಇದ್ರೆ ಅರ್ಧ ಜಗಳ ಹುಟ್ಟೋದೇ ಇಲ್ಲ.

5. ಅಡುಗೆ ಸಾಮಾನು

ಹೊರಗೆ ಊಟ ಬಹಳ ದುಬಾರಿ, ನಾರ್ವೆಯಲ್ಲಂತೂ ಇಬ್ರು ಕೂತು ತಿಂದ್ರೆ ಬಿಲ್ ನೋಡಿ ಹೊಟ್ಟೆ ಉರಿಯುತ್ತೆ. ಅಡುಗೆ ಮಾಡ್ಕೊಳೋದೇ ಸರಿ. ಊರಿಂದ ಸಾರಿನ ಪುಡಿ, ಹುಳಿ ಪುಡಿ, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು, ಅವಲಕ್ಕಿ, ಹುರಿದಿಟ್ಟ ರವೆ ತನ್ನಿ. ತುಪ್ಪ, ಹಾಲಿನ ಸಿಹಿ, ಹಸಿ ಕರಿಬೇವು ತರಬೇಡಿ, ಹೊರಗಿನ ದೇಶದಿಂದ ಹಾಲಿನ ಪದಾರ್ಥ ಯುರೋಪಿಯನ್ ಯೂನಿಯನ್‌ಗೆ ತರೋ ಹಾಗಿಲ್ಲ, ಹಸಿ ಎಲೆಗೆ ಸರ್ಟಿಫಿಕೇಟ್ ಬೇಕು. ಬೆಣ್ಣೆ ಅಲ್ಲೇ ಬಹಳ ಚೆನ್ನಾಗಿ ಸಿಗುತ್ತೆ, ಕಾಯಿಸಿದ್ರೆ ತುಪ್ಪ ಆಯ್ತು.

ಎರಡು ಲೀಟರ್‌ದು ಚಿಕ್ಕ ಕುಕ್ಕರ್ ತಗೊಂಡು ಹೋಗಿ, ಗ್ಯಾಸ್ ಉಳಿಯುತ್ತೆ. ಒಗ್ಗರಣೆ ಮಾತ್ರ ಗಾಡಿ ಒಳಗೆ ಹಾಕ್ಬೇಡಿ, ಮೆಣಸಿನಕಾಯಿ ಘಾಟು ಹಾಸಿಗೆಗೆ ಹಿಡಿದ್ರೆ ಮೂರು ದಿನ ಹೋಗಲ್ಲ, ವಾಪಸ್ ಕೊಡೋವಾಗ ಕ್ಲೀನಿಂಗ್ ಅಂತ ಡೆಪಾಸಿಟ್‌ನಲ್ಲಿ ಕಳೀತಾರೆ. ಹೊರಗೆ ಇಟ್ಕೊಳೋ ಚಿಕ್ಕ ಸ್ಟೌ ಒಂದು ಇದ್ರೆ ಒಳ್ಳೇದು. ಒಳಗೆ ಏನೇ ಬೇಯಿಸಿದ್ರೂ ಮೇಲಿನ ಕಿಟಕಿ ತೆಗೆದಿರ್ಬೇಕು.

ನಾರ್ವೆ ಗಡಿ ದಾಟೋವಾಗ ಒಂದು ವಿಚಿತ್ರ ಅನ್ಸೋ ನಿಯಮ ಇದೆ. ಆಲೂಗಡ್ಡೆ ತಗೊಂಡು ಹೋಗೋ ಹಾಗಿಲ್ಲ. ಬೆಳೆ ರೋಗ ಬರುತ್ತೆ ಅನ್ನೋ ಭಯಕ್ಕೆ. ಬೇರೆ ತರಕಾರಿ ಹಣ್ಣು ಯುರೋಪ್‌ದಾದ್ರೆ ತಲೆಗೆ ಹತ್ತು ಕಿಲೋವರೆಗೂ ಪರವಾಗಿಲ್ಲ. ಸ್ವೀಡನ್‌ನ ಕೊನೇ ರಾತ್ರಿ ಆಲೂಗಡ್ಡೆ ಪಲ್ಯ ಮಾಡಿ ಮುಗಿಸ್ಬಿಡಿ.

ರೆಮಾ 1000, ಕಿವಿ, ಕೂಪ್, ಲಿಡ್ಲ್, ವಿಲ್ಲಿಸ್ ಇವು ಸ್ವಲ್ಪ ಅಗ್ಗದ ಅಂಗಡಿಗಳು. ನಾರ್ವೆಯಲ್ಲಿ ಭಾನುವಾರ ದೊಡ್ಡ ಅಂಗಡಿಗಳು ಮುಚ್ಚಿರ್ತಾವೆ, ಶನಿವಾರಾನೇ ತಗೊಳಿ. ನೀರಿನ ಬಾಟಲಿ, ಕ್ಯಾನ್‌ಗೆ ಪಾಂಟ್ ಅಂತ ಡೆಪಾಸಿಟ್ ಹಾಕ್ತಾರೆ, ಖಾಲಿ ಬಾಟಲಿ ಅಂಗಡಿ ಮಷೀನಿಗೆ ಹಾಕಿದ್ರೆ ದುಡ್ಡು ವಾಪಸ್, ಆದ್ರೆ ಸ್ವೀಡನ್ ಬಾಟಲಿಗೆ ನಾರ್ವೆಯಲ್ಲಿ ಸಿಗಲ್ಲ, ಆಯಾ ದೇಶದಲ್ಲೇ ಮುಗಿಸಿ. ನಲ್ಲಿ ನೀರು ಮೂರು ದೇಶದಲ್ಲೂ ಕುಡೀಬಹುದು.

6. ದಾರಿ

ಇದು ನಾವು ಹೋದ ದಾರಿ, ಇದನ್ನೇ ಹಿಡಿಬೇಕು ಅಂತಿಲ್ಲ.

ಹ್ಯಾಂಬರ್ಗ್‌ನಿಂದ ಫ್ಲೆನ್ಸ್‌ಬರ್ಗ್ ದಾಟಿ ಡೆನ್ಮಾರ್ಕ್. ಓಡೆನ್ಸೆ ಆದ್ಮೇಲೆ ಸ್ಟೋರೆಬೆಲ್ಟ್ ಸೇತುವೆ, ದ್ವೀಪದಿಂದ ದ್ವೀಪಕ್ಕೆ 18 ಕಿಮೀ, 1998ರಲ್ಲಿ ಗಾಡಿಗಳಿಗೆ ತೆಗೆದಿದ್ದು. ಗಾಳಿ ಜೋರಿದ್ರೆ ಎತ್ತರದ ವ್ಯಾನ್ ಪಕ್ಕಕ್ಕೆ ತಳ್ಳಿದ ಹಾಗೆ ಆಗುತ್ತೆ, ಸ್ಟೀರಿಂಗ್ ಎರಡೂ ಕೈಯಲ್ಲಿ ಹಿಡಿದು ನಿಧಾನಕ್ಕೆ ಹೋಗಿ. ಕೋಪನ್‌ಹೇಗನ್ ಮೂರು ರಾತ್ರಿ. ಅಲ್ಲಿಂದ ಓರೆಸುಂಡ್: ಮೊದ್ಲು ನಾಲ್ಕು ಕಿಮೀ ಸಮುದ್ರದ ಕೆಳಗೆ ಸುರಂಗ, ಆಮೇಲೆ ಪೆಬರ್‌ಹೋಲ್ಮ್ ಅನ್ನೋ ಮನುಷ್ಯರೇ ಕಟ್ಟಿದ ದ್ವೀಪ, ಆಮೇಲೆ ಸುಮಾರು ಎಂಟು ಕಿಮೀ ಸೇತುವೆ, ಹತ್ತಿ ಇಳಿದ್ರೆ ಮಾಲ್ಮೋ. 2000ದಲ್ಲಿ ತೆಗೆದಿದ್ದು ಇದು. ದುಡ್ಡು ಉಳಿಸ್ಬೇಕು ಅನ್ನೋರು ಹೆಲ್ಸಿಂಗೋರ್‌ನಿಂದ ಹೆಲ್ಸಿಂಗ್‌ಬೋರಿಗೆ 20 ನಿಮಿಷದ ಫೆರಿನೂ ನೋಡಿ, ಎರಡರ ರೇಟ್ ಹೋಲಿಸಿ ತಗೊಳಿ.

ಸ್ವೀಡನ್‌ನಲ್ಲಿ ಗೋಥೆನ್‌ಬರ್ಗ್, ಅಲ್ಲಿಂದ ಮೇಲಕ್ಕೆ ಬೋಹುಸ್ಲೇನ್ ಕರಾವಳಿ. ನುಣ್ಣಗೆ ಸವೆದ ಕೆಂಪು ಗ್ರಾನೈಟ್ ಬಂಡೆಗಳು ಆನೆ ಬೆನ್ನಿನ ಹಾಗೆ ಸಮುದ್ರಕ್ಕೆ ಇಳಿದಿರ್ತಾವೆ, ಅದರ ಮಧ್ಯ ಮಧ್ಯ ಕೆಂಪು ಬಣ್ಣದ ಮೀನುಗಾರರ ಮನೆ. ಸ್ಮೋಗೆನ್, ಫ್ಯೆಲ್‌ಬಾಕಾ ಊರುಗಳು ಇಲ್ಲೇ. ತಾನುಮ್‌ನಲ್ಲಿ ಕಂಚಿನ ಯುಗದವರು ಬಂಡೆ ಮೇಲೆ ಕೊರೆದ ದೋಣಿ, ಮನುಷ್ಯರ ಚಿತ್ರಗಳಿದಾವೆ, ವಿಶ್ವ ಪರಂಪರೆ ಪಟ್ಟಿಯಲ್ಲಿರೋ ಜಾಗ, ಸಂಜೆ ಇಳಿಬಿಸಿಲಲ್ಲಿ ಹೋದ್ರೆ ಗೆರೆಗಳು ಚೆನ್ನಾಗಿ ಕಾಣ್ತಾವೆ.

ಸ್ವಿನೆಸುಂಡ್ ಸೇತುವೆ ದಾಟಿದ್ರೆ ನಾರ್ವೆ, ಓಸ್ಲೋ. ಓಸ್ಲೋದಿಂದ ರಸ್ತೆ 7 ಹಿಡಿದು ಹಾರ್ಡಂಗರ್‌ವಿಡ್ಡಾ ಅನ್ನೋ ಬೋಳು ಪ್ರಸ್ಥಭೂಮಿ ಮೇಲೆ ಹೋಗಿ ವೋರಿಂಗ್‌ಫೋಸ್ ಜಲಪಾತದ ಹತ್ರ ಕೆಳಗೆ ಇಳೀಬೇಕು. ಹಾರ್ಡಂಗರ್ ಪೂರ್ತಿ ಸೇಬು ಚೆರಿ ತೋಟ, ಬೇಸಿಗೆ ಕೊನೇಲಿ ರಸ್ತೆ ಬದಿ ಹಣ್ಣು ಇಟ್ಟು ಡಬ್ಬ ಇಟ್ಟಿರ್ತಾರೆ, ಯಾರೂ ಇರಲ್ಲ, ದುಡ್ಡು ನೀವೇ ಹಾಕ್ಬೇಕು, ಅದಕ್ಕೆ ಸ್ವಲ್ಪ ಚಿಲ್ಲರೆ ಇರ್ಲಿ. ಆಮೇಲೆ ವೊಸ್ ಅನ್ನೋ ಊರು ಹಾದು ಫ್ಲೋಮ್, ಔರ್‌ಲಾಂಡ್. ಇಲ್ಲಿ ಫ್ಯೋರ್ಡ್ ಅಂದ್ರೇನು ಅಂತ ಹೇಳ್ಬೇಕು: ಹಿಮನದಿ ಸಾವಿರಾರು ವರ್ಷ ಕೊರೆದ ಆಳದ ಕಣಿವೆಗೆ ಸಮುದ್ರ ಒಳಗೆ ಬಂದು ತುಂಬ್ಕೊಂಡಿರೋದು, ಎರಡೂ ಕಡೆ ನೆಟ್ಟಗೆ ಬೆಟ್ಟ, ಮಧ್ಯ ನೀರು.

ಔರ್‌ಲಾಂಡ್‌ನಿಂದ ಲ್ಯಾರ್‌ಡಾಲ್‌ಗೆ ಎರಡು ದಾರಿ. ಒಂದು 24.5 ಕಿಮೀ ಸುರಂಗ, ಪ್ರಪಂಚದಲ್ಲೇ ಅತಿ ಉದ್ದದ ರಸ್ತೆ ಸುರಂಗ, ಡ್ರೈವರ್‌ಗೆ ನಿದ್ದೆ ಬರ್ಬಾರ್ದು ಅಂತ ಮಧ್ಯ ಮಧ್ಯ ಮೂರು ಕಡೆ ನೀಲಿ ಬೆಳಕಿನ ದೊಡ್ಡ ಗವಿ ಮಾಡಿದಾರೆ. ಇನ್ನೊಂದು ಬೆಟ್ಟದ ಮೇಲಿನ ಹಳೇ ರಸ್ತೆ, ಬೇಸಿಗೇಲಿ ಮಾತ್ರ ತೆರೆದಿರುತ್ತೆ, ಜೂನ್‌ನಲ್ಲೂ ಪಕ್ಕದಲ್ಲಿ ಹಿಮದ ಗೋಡೆ ಇರುತ್ತೆ. ಹೋಗೋವಾಗ ಒಂದು ಬರೋವಾಗ ಇನ್ನೊಂದು ಹಿಡೀರಿ. ಆ ಬೆಟ್ಟದ ಮೇಲೆ ಗಾಡಿ ನಿಲ್ಲಿಸಿ, ಬಾಗಿಲು ತೆಗೆದು, ಮೆಟ್ಟಿಲ ಮೇಲೆ ಕೂತು ಪುಳಿಯೋಗರೆ ತಿಂದ್ವಿ, ಕುಕ್ಕರ್ ಮುಚ್ಚಳ ತೆಗೆದಾಗ ಬಂದ ಹಬೆ ಒಂದು ಕಡೆ, ಹತ್ತು ಹೆಜ್ಜೆ ಆಚೆ ಹಿಮ ಇನ್ನೊಂದು ಕಡೆ. ಇಡೀ ಟ್ರಿಪ್‌ನಲ್ಲಿ ನನಗೆ ಅದೇ ಊಟ ಕಣ್ಮುಂದೆ ಬರೋದು.

ಆಮೇಲೆ ಬೆರ್ಗೆನ್. ವರ್ಷದಲ್ಲಿ ಅರ್ಧಕ್ಕಿಂತ ಹೆಚ್ಚು ದಿನ ಮಳೆ, ಆಗುಂಬೆ ಕಡೆಯವ್ರಿಗೆ ಏನೂ ಅನ್ಸಲ್ಲ. ಬೆರ್ಗೆನ್‌ನಿಂದ ಈ39 ರಸ್ತೆಯಲ್ಲಿ ಎರಡು ಫೆರಿ ಹತ್ತಿ ಸ್ತವಾಂಗರ್, ಅಲ್ಲಿ ನೀರಿನಿಂದ 604 ಮೀಟರ್ ಮೇಲಿರೋ ಪ್ರೈಕೆಸ್ಟೋಲೆನ್ ಬಂಡೆಗೆ ಹೋಗಿ ಬರೋಕೆ ನಾಲ್ಕು ಗಂಟೆ ನಡಿಗೆ. ಕೊನೆಗೆ ಕ್ರಿಸ್ತಿಯಾನ್‌ಸಾಂಡ್‌ನಿಂದ ಡೆನ್ಮಾರ್ಕ್‌ನ ಹಿರ್ಟ್‌ಷಾಲ್ಸ್‌ಗೆ ಮೂರು ಕಾಲು ಗಂಟೆ ಹಡಗು, ಅಲ್ಲಿಂದ ಇಳ್ಕೊಂಡು ಹ್ಯಾಂಬರ್ಗ್.

ನಾರ್ವೆಯಲ್ಲಿ ಮ್ಯಾಪ್ ತೋರಿಸೋ ಟೈಮ್ ನಂಬಬೇಡಿ. ದಿನಕ್ಕೆ 150, ಹೆಚ್ಚಂದ್ರೆ 200 ಕಿಮೀ. ಎರಡು ದಿನ ಓಡಿಸಿದ್ರೆ ಒಂದು ದಿನ ಗಾಡಿ ಅಲ್ಲಾಡಿಸ್ಬೇಡಿ.

7. ರಸ್ತೆ, ಟೋಲು, ಫೆರಿ

ಬಲಗಡೆ ಓಡಿಸೋದು, ಸ್ಟೀರಿಂಗ್ ಎಡಗಡೆ. ಹಗಲಲ್ಲೂ ಲೈಟ್ ಹಾಕಿರ್ಬೇಕು. ಬೋರ್ಡ್ ಇಲ್ಲದ ಚಿಕ್ಕ ಕೂಡುರಸ್ತೇಲಿ ಬಲಗಡೆಯಿಂದ ಬರೋರಿಗೆ ಮೊದ್ಲು ದಾರಿ, ಇದು ನಮ್ಮವ್ರಿಗೆ ರೂಢಿ ಇಲ್ಲ, ಅಲ್ಲಿಯ ಡ್ರೈವರ್ ನಿಮ್ಮನ್ನ ನೋಡದೆ ಬಂದೇಬಿಡ್ತಾರೆ. ಜೀಬ್ರಾ ಹತ್ರ ಮನುಷ್ಯ ನಿಂತಿದ್ರೆ ಗಾಡಿ ನಿಲ್ಲಲೇಬೇಕು. ಸ್ಪೀಡ್ ನಾರ್ವೆಯಲ್ಲಿ ಊರೊಳಗೆ 50, ಹೊರಗೆ 80, ದಂಡ ಭಯಂಕರ. ಕುಡಿದು ಓಡಿಸೋ ಮಿತಿ ನಾರ್ವೆ ಸ್ವೀಡನ್ ಎರಡರಲ್ಲೂ ರಕ್ತದಲ್ಲಿ ಆಲ್ಕೋಹಾಲ್ ಸಾವಿರಕ್ಕೆ 0.2, ಅಂದ್ರೆ ಒಂದು ಬಿಯರ್ ಕೂಡ ಬೇಡ.

ನಾರ್ವೆ ಹಳ್ಳಿ ರಸ್ತೆಗಳು ಒಂದೇ ಗಾಡಿ ಅಗಲ ಇರ್ತಾವೆ, ಎಂ ಅಕ್ಷರದ ನೀಲಿ ಬೋರ್ಡ್ ಇರೋ ಕಡೆ ಸರಿದು ಎದುರಿಂದ ಬರೋರಿಗೆ ಜಾಗ ಕೊಡ್ಬೇಕು. ಇಳಿಜಾರಲ್ಲಿ ಬ್ರೇಕ್ ಮೇಲೇ ಕಾಲಿಟ್ಕೊಂಡು ಬರಬೇಡಿ, ನಮ್ಮ ಘಾಟಿ ಇಳಿಯೋ ಹಾಗೇ ಸೆಕೆಂಡ್ ಗೇರ್‌ನಲ್ಲಿ ಇಳೀರಿ, ಮೂರೂವರೆ ಟನ್ ಗಾಡಿ, ಬ್ರೇಕ್ ಕಾದು ಹಿಡಿಯೋದೇ ಇಲ್ಲ. ಬೆಳಗಿನ ಜಾವ, ಮುಸ್ಸಂಜೆ ಮೂಸ್ ಪ್ರಾಣಿ ರಸ್ತೆಗೆ ಬರುತ್ತೆ, ಕುದುರೆಗಿಂತ ದೊಡ್ಡದು, ಕಾಡಿನ ರಸ್ತೇಲಿ ಆ ಹೊತ್ತಿಗೆ ಓಡಿಸೋದನ್ನೇ ಬಿಟ್ಬಿಡಿ.

ಡೀಸೆಲ್ ತುಂಬೋವಾಗ ನೀಲಿ ಮುಚ್ಚಳ ನೋಡ್ಕೊಳಿ, ಅದು ಆಡ್‌ಬ್ಲೂ ಅನ್ನೋ ಹೊಗೆ ಶುದ್ಧಿ ಮಾಡೋ ದ್ರವಕ್ಕೆ. ಅದನ್ನ ಡೀಸೆಲ್ ಟ್ಯಾಂಕ್‌ಗೆ ಹಾಕಿದ್ರೆ, ಇಲ್ಲಾ ಡೀಸೆಲ್ಲನ್ನ ಅದಕ್ಕೆ ಹಾಕಿದ್ರೆ ಟ್ರಿಪ್ ಅಲ್ಲಿಗೇ ಮುಗೀತು. ಹಾಗೇನಾದ್ರೂ ಆದ್ರೆ ಕೀಲಿ ತಿರುಗಿಸ್ಲೇಬೇಡಿ, ಬಾಡಿಗೆ ಕೊಟ್ಟೋರಿಗೆ ಫೋನ್ ಮಾಡಿ.

ನಾರ್ವೆಯಲ್ಲಿ ಟೋಲ್‌ಗೆ ನಿಲ್ಲೋ ಹಾಗೇ ಇಲ್ಲ, ಆಟೋಪಾಸ್ ಕ್ಯಾಮರಾ ನಂಬರ್ ಪ್ಲೇಟ್ ಫೋಟೋ ತೆಗೆಯುತ್ತೆ, ಬಿಲ್ ಗಾಡಿ ಮಾಲೀಕರಿಗೆ ಹೋಗುತ್ತೆ. ಬಹಳಷ್ಟು ಫ್ಯೋರ್ಡ್ ಫೆರಿಗಳಲ್ಲೂ ಈಗ ಹಾಗೇ. ಇವಕ್ಕೆ ಬುಕಿಂಗ್ ಬೇಡ, ಸಾಲಲ್ಲಿ ನಿಂತು ಬಂದ ಮೊದಲ ಹಡಗು ಹತ್ತೋದು. ನಾರ್ವೆಯಲ್ಲಿ 2015ರಲ್ಲೇ ಪೂರ್ತಿ ಬ್ಯಾಟರಿಯಲ್ಲಿ ಓಡೋ ಕಾರ್ ಫೆರಿ ಶುರುವಾಯ್ತು, ಈಗ ಅಂಥವು ಸುಮಾರು ಇದಾವೆ, ಶಬ್ದಾನೇ ಇರಲ್ಲ. ದೊಡ್ಡ ಹಡಗಿಗೆ ಮಾತ್ರ ಮೊದ್ಲೇ ಬುಕ್ ಮಾಡಿ, ಉದ್ದ ಎತ್ತರ ಸರಿಯಾಗಿ ಹಾಕಿ, ಕಮ್ಮಿ ಬರೆದ್ರೆ ಬಂದರಲ್ಲಿ ಅಳೆದು ವ್ಯತ್ಯಾಸದ ದುಡ್ಡು ಕಟ್ಟಿಸ್ಕೋತಾರೆ. ಸ್ಟಾಕ್‌ಹೋಮ್, ಗೋಥೆನ್‌ಬರ್ಗ್‌ನಲ್ಲಿ ದಟ್ಟಣೆ ತೆರಿಗೆ ಇದೆ, ಶನಿವಾರ ಭಾನುವಾರ ಇರಲ್ಲ, ಹಾಗಾಗಿ ಊರು ದಾಟೋದಿದ್ರೆ ಆ ದಿನ ದಾಟಿ.

8. ರಾತ್ರಿ ಎಲ್ಲಿ ನಿಲ್ಲಿಸೋದು

ತುಂಬ ಜನ ತಪ್ಪು ತಿಳ್ಕೊಂಡಿರೋದು ಇದನ್ನೇ, ಸ್ವಲ್ಪ ನಿಧಾನಕ್ಕೆ ಓದಿ. ಸ್ವೀಡನ್‌ನಲ್ಲಿ ಅಲ್ಲೆಮಾನ್ಸ್‌ರೆಟ್ಟೆನ್, ನಾರ್ವೆಯಲ್ಲಿ ಅಲ್ಲೆಮನ್ಸ್‌ರೆಟ್ಟೆನ್ ಅಂತಾರೆ, ಅಂದ್ರೆ ಎಲ್ಲರ ಹಕ್ಕು. ಯಾರ ಜಮೀನಾದ್ರೂ ಬೆಳೆ ಇಲ್ಲದ ಕಡೆ ನಡೀಬಹುದು, ಕಾಡು ಹಣ್ಣು ಕೀಳ್ಬಹುದು, ಟೆಂಟ್ ಹಾಕ್ಬಹುದು. ನಾರ್ವೆಯಲ್ಲಿ ಇದು 1957ರಿಂದ ಕಾನೂನಾಗೇ ಇದೆ, ಟೆಂಟು ಮನೆಯಿಂದ 150 ಮೀಟರ್ ದೂರ ಇರ್ಬೇಕು, ಒಂದೇ ಕಡೆ ಎರಡು ರಾತ್ರಿಗಿಂತ ಜಾಸ್ತಿ ಬೇಡ. ಆದ್ರೆ ಈ ಹಕ್ಕು ಮನುಷ್ಯನ ಕಾಲಿಗೆ ಕೊಟ್ಟಿರೋದು, ಗಾಡಿ ಚಕ್ರಕ್ಕಲ್ಲ. ರಸ್ತೆ ಬಿಟ್ಟು ಹುಲ್ಲಿನ ಮೇಲೆ, ಕಾಡೊಳಗೆ ವ್ಯಾನ್ ಇಳಿಸೋದು ಕಾನೂನಿಗೆ ವಿರುದ್ಧ. ಡೆನ್ಮಾರ್ಕ್‌ನಲ್ಲಂತೂ ಈ ತರದ ಹಕ್ಕೇ ಇಲ್ಲ.

ಹಾಗಾದ್ರೆ ಎಲ್ಲಿ? ಮೊದಲ್ನೇದು ಕ್ಯಾಂಪಿಂಗ್, ಸ್ನಾನ, ವಾಷಿಂಗ್ ಮಷೀನ್, ಕರೆಂಟ್ ಎಲ್ಲಾ ಇರುತ್ತೆ, ರೇಟ್ ಜಾಸ್ತಿ. ಎರಡನೇದು ವ್ಯಾನ್‌ಗಳಿಗೇ ಅಂತ ಇರೋ ಸಿಂಪಲ್ ಜಾಗ, ಸ್ವೀಡನ್‌ನಲ್ಲಿ ಸ್ಟೆಲ್‌ಪ್ಲಾಟ್ಸ್, ನಾರ್ವೆಯಲ್ಲಿ ಬೂಬೀಲ್‌ಪ್ಲಾಸ್, ಡೆನ್ಮಾರ್ಕ್‌ನಲ್ಲಿ ಆಟೋಕ್ಯಾಂಪರ್‌ಪ್ಲಾಸ್. ಎಷ್ಟೋ ಕಡೆ ದೋಣಿ ನಿಲ್ಲೋ ಚಿಕ್ಕ ಬಂದರಲ್ಲೇ ಇರ್ತಾವೆ, ದೋಣಿಯವ್ರ ಟಾಯ್ಲೆಟ್, ಸ್ನಾನದ ಮನೆ ನೀವೂ ಬಳಸ್ಬಹುದು. ನಮಗೆ ಇವೇ ಹೆಚ್ಚು ಇಷ್ಟ ಆಯ್ತು. ಮೂರನೇದು ಸ್ವೀಡನ್‌ನ ಹೈವೇ ಪಕ್ಕದ ರಾಸ್ಟ್‌ಪ್ಲಾಟ್ಸ್, ಅಂದ್ರೆ ದಣಿವಾರಿಸ್ಕೊಳೋ ಜಾಗ, ಬೋರ್ಡ್‌ನಲ್ಲಿ ಬೇರೆ ಏನೂ ಬರೆದಿಲ್ಲ ಅಂದ್ರೆ ಒಂದು ರಾತ್ರಿ ಮಲಗೋಕೆ ತೊಂದ್ರೆ ಇಲ್ಲ. ನಾಲ್ಕನೇದು ಸಾರ್ವಜನಿಕ ಪಾರ್ಕಿಂಗ್, ಅಲ್ಲಿ ಪ್ರತಿ ಸಲ ಬೋರ್ಡ್ ಓದಿ. ಟೆಂಟ್ ಮತ್ತೆ ವ್ಯಾನ್ ಚಿತ್ರದ ಮೇಲೆ ಅಡ್ಡಗೆರೆ ಇದ್ರೆ ಮುಂದೆ ಹೋಗಿ.

ರಾತ್ರಿ ನಿಲ್ಲೋ ಜಾಗ ತೋರಿಸೋ ಪಾರ್ಕ್‌ಫೋರ್‌ನೈಟ್ ಅನ್ನೋ ಆ್ಯಪ್ ಎಲ್ರೂ ಬಳಸ್ತಾರೆ, ನೀವೂ ಹಾಕ್ಕೊಳಿ, ಆದ್ರೆ ಅಲ್ಲಿ ಯಾರೋ ಬರೆದಿದಾರೆ ಅಂತ ನಂಬಬೇಡಿ, ಜಾಗದಲ್ಲಿರೋ ಬೋರ್ಡೇ ಕೊನೇ ಮಾತು. ಸಂಜೆ ಐದರೊಳಗೆ ಜಾಗ ಹಿಡೀರಿ, ಒಂದಕ್ಕೆ ಎರಡು ಬದಲಿ ಜಾಗ ಗುರುತು ಹಾಕಿಟ್ಕೊಳಿ. ಎಲ್ಲೇ ನಿಲ್ಸಿ, ಗಾಡಿ ಮೂತಿ ಹೊರಗೆ ಹೋಗೋ ದಾರಿ ಕಡೆ ಮಾಡಿ ನಿಲ್ಸಿ, ರಾತ್ರಿ ಯಾರಾದ್ರೂ ಎಬ್ಬಿಸಿದ್ರೆ ನೆಟ್ಟಗೆ ಹೊರಡ್ಬಹುದು. ರಸ್ತೆ ಪಾರ್ಕಿಂಗ್‌ನಲ್ಲಿ ಕುರ್ಚಿ ಟೇಬಲ್ ಹೊರಗೆ ಹಾಕ್ಬೇಡಿ, ಮಲಗೋದಕ್ಕೆ ಸುಮ್ನಿರ್ತಾರೆ, ಮನೆ ಹೂಡಿದ್ರೆ ಸುಮ್ನಿರಲ್ಲ.

ಬೆಂಕಿ ವಿಷಯ: ನಾರ್ವೆಯಲ್ಲಿ ಏಪ್ರಿಲ್ 15ರಿಂದ ಸೆಪ್ಟೆಂಬರ್ 15ರವರೆಗೆ ಕಾಡಲ್ಲಿ, ಕಾಡಿನ ಪಕ್ಕ ಬೆಂಕಿ ಹಾಕೋದು ನಿಷೇಧ. ಹುಲ್ಲಲ್ಲಿ ಓಡಾಡಿ ಬಂದ್ರೆ ರಾತ್ರಿ ಕಾಲು, ಮಂಡಿ ಹಿಂದೆ, ಸೊಂಟ ನೋಡ್ಕೊಳಿ, ಉಣ್ಣೆ ಹುಳ ಕಚ್ಚಿರುತ್ತೆ, ಅದು ರೋಗ ತರೋ ಉಣ್ಣೆ, ಚಿಮಟ ಇಟ್ಕೊಂಡು ತಲೆ ಸಮೇತ ಕೀಳ್ಬೇಕು.

9. ದೊಡ್ಡ ಊರುಗಳು

ವ್ಯಾನ್ ತಗೊಂಡು ಊರೊಳಗೆ ನುಗ್ಬೇಡಿ. ಪಾರ್ಕಿಂಗ್ ಕಟ್ಟಡಗಳ ಎತ್ತರ ಎರಡು ಮೀಟರ್ ಆಸುಪಾಸು, ವ್ಯಾನ್ 2.6 ಮೀಟರ್ ಇರುತ್ತೆ. ಗಾಡಿ ಎತ್ತರ ಒಂದು ಚೀಟಿ ಮೇಲೆ ಬರೆದು ಸ್ಟೀರಿಂಗ್ ಹತ್ರ ಅಂಟಿಸಿ. ಬಾಡಿಗೆ ಇನ್ಶೂರೆನ್ಸ್‌ನಲ್ಲಿ ಚಾವಣಿ ಸೇರಿದ್ಯಾ ನೋಡಿ, ಬಹಳ ಸಲ ಸೇರಿರಲ್ಲ.

ಊರ ಅಂಚಿನ ಕ್ಯಾಂಪಿಂಗ್‌ನಲ್ಲಿ ನಿಲ್ಲಿಸಿ ಟ್ರೇನ್ ಹಿಡೀರಿ. ಕೋಪನ್‌ಹೇಗನ್‌ನಲ್ಲಿ ಸೈಕಲ್ ಬಾಡಿಗೆಗೆ ತಗೊಳಿ, ಆ ಊರು ನೋಡೋಕೆ ಅದೇ ಸರಿ. ಗೋಥೆನ್‌ಬರ್ಗ್‌ನಲ್ಲಿ ಟ್ರಾಮ್ ಟಿಕೆಟ್‌ನಲ್ಲೇ ಸಾಲ್ಟ್‌ಹೋಲ್ಮೆನ್‌ನಿಂದ ದಕ್ಷಿಣದ ದ್ವೀಪಗಳಿಗೆ ದೋಣಿ ಸಿಗುತ್ತೆ, ಕಾರೇ ಇಲ್ಲದ ದ್ವೀಪಗಳು, ಒಂದು ಇಡೀ ದಿನ ಅದಕ್ಕೇ ಕೊಡಿ. ಓಸ್ಲೋದಲ್ಲಿ ಒಪೆರಾ ಕಟ್ಟಡದ ಚಾವಣಿ ಮೇಲೆ ನಡ್ಕೊಂಡು ಹತ್ತಬಹುದು, ಫ್ರೀ. ಬೆರ್ಗೆನ್‌ನಲ್ಲಿ ಊರ ಹೊರಗೆ ನಿಲ್ಲಿಸಿ ಬೀಬಾನೆನ್ ಅನ್ನೋ ಲೈಟ್ ರೈಲ್ ಹಿಡಿದು ಬನ್ನಿ.

ವ್ಯಾನ್ ಬಿಟ್ಟು ಹೋಗೋವಾಗ ಪಾಸ್‌ಪೋರ್ಟ್, ಲ್ಯಾಪ್‌ಟಾಪ್ ಒಳಗೆ ಬಿಡಬೇಡಿ. ಎಮರ್ಜೆನ್ಸಿಗೆ ಡೆನ್ಮಾರ್ಕ್, ಸ್ವೀಡನ್‌ನಲ್ಲಿ 112. ನಾರ್ವೆಯಲ್ಲಿ ಪೊಲೀಸ್‌ಗೆ 112, ಆಂಬುಲೆನ್ಸ್‌ಗೆ 113, ಬೆಂಕಿಗೆ 110.

10. ಗಾಡಿ ವಾಪಸ್ ಕೊಡೋದು

ಕೊನೇ ರಾತ್ರಿ ಬಾಡಿಗೆ ಜಾಗದಿಂದ ಒಂದು ಗಂಟೆ ದಾರಿಯೊಳಗೆ ಇರೋ ಕ್ಯಾಂಪಿಂಗ್‌ನಲ್ಲಿ ಕಳೀರಿ. ಅಲ್ಲೇ ಕ್ಯಾಸೆಟ್, ಕೊಳಕು ನೀರು ಖಾಲಿ ಮಾಡಿ, ಫ್ರಿಜ್ ಒರೆಸಿ, ನೆಲ ಗುಡಿಸಿ. ಕ್ಯಾಸೆಟ್ ಖಾಲಿ ಮಾಡದೆ ಕೊಟ್ರೆ ಹಾಕೋ ಚಾರ್ಜ್ ಒಂದು ರಾತ್ರಿ ಕ್ಯಾಂಪಿಂಗ್‌ಗಿಂತ ಜಾಸ್ತಿ ಇರುತ್ತೆ. ಡೀಸೆಲ್ ತುಂಬಿದ ರಸೀದಿ, ಒಳಗೆ ಹೊರಗೆ ಚಾವಣಿ ಎಲ್ಲದರ ವಿಡಿಯೋ ಇಟ್ಕೊಳಿ, ತಗೊಳ್ಳೋ ದಿನ ಮಾಡಿದ ವಿಡಿಯೋನೂ ಅಳಿಸ್ಬೇಡಿ. ಡೆಪಾಸಿಟ್ ವಾಪಸ್ ಬಂದ್ರೂ ಟೋಲ್ ಬಿಲ್‌ಗಳು ತಿಂಗಳುಗಟ್ಟಲೆ ಬರ್ತಾನೇ ಇರ್ತಾವೆ, ಅದಕ್ಕೆ ಒಂದಿಷ್ಟು ದುಡ್ಡು ಪಕ್ಕಕ್ಕಿಟ್ಟು, ಯಾವ ದಿನ ಎಲ್ಲಿದ್ವಿ ಅನ್ನೋ ಪಟ್ಟಿಯಿಂದ ಒಂದೊಂದು ಬಿಲ್ಲನ್ನೂ ತಾಳೆ ನೋಡಿ ಕಟ್ಟಿ.